ಪಾಲಾಗಬಾರದಿದ್ದ ಒಂದು ಮುಷ್ಟಿ ಬಾದಾಮಿ

ದೀಪಾವಳಿಯ ಹೊತ್ತಿಗೆ ಯಾರಾದರೂ ರಿಬ್ಬನ್ ಕಟ್ಟಿದ ಡ್ರೈಫ್ರೂಟ್ ಡಬ್ಬಿ ತಂದು ಕೈಗಿಟ್ಟರೆ, ಥ್ಯಾಂಕ್ಸ್ ಹೇಳುವ ಮೊದಲು ನಾನು ಕೇಳುವುದು ಒಂದೇ ಮಾತು: "ಇದನ್ನ ಯಾರು ತಿನ್ನಬೇಕಂತ ತಂದೀರಿ?" ಕೊಟ್ಟವರ ಮುಖ ಸಪ್ಪಗಾಗುತ್ತದೆ. ಪಕ್ಕದಲ್ಲಿದ್ದ ನನ್ನ ಗಂಡ ಮೊಣಕೈಯಿಂದ ತಿವಿಯುತ್ತಾನೆ. ಆದರೂ ಕೇಳುತ್ತೇನೆ. ಈ ಕೆಟ್ಟ ಅಭ್ಯಾಸ ನನಗೆ ಅಂಟಿಕೊಂಡದ್ದು ಕಳೆದ ದಶಕದ ನಡುವಿನಲ್ಲಿ, ಒಬ್ಬ ಪೇಷಂಟನ್ನು ಅವರದೇ ಮನೆಯವರ ಪ್ರೀತಿಯಿಂದ ಪಾರು ಮಾಡಲು ಹೆಣಗಾಡಿದ ಕೆಲವು ತಿಂಗಳುಗಳಲ್ಲಿ.

ಆಗ ನಾನು ಮುಂಬಯಿ ಪಕ್ಕದ ಠಾಣೆಯ ಮಾಜಿವಾಡಾದ ಹತ್ತಿರ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಬೆಳಗಿನ ಪಾಳಿಯ ಹಿರಿಯ ನರ್ಸ್ ಆಗಿದ್ದೆ. ಹುಟ್ಟಿದ್ದು ಗದಗಿನ ಕಡೆ, ಮನೆ ಮಾಡಿದ್ದು ಟಿಟ್ವಾಳಾದಲ್ಲಿ. ದಿನಾ ಲೋಕಲ್‌ನಲ್ಲಿ ಹೋಗಿ ಬರುವಾಗ ಮೊದಲೆಲ್ಲ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ತಿಂದು, ಮನೆಗೆ ಬರುವಷ್ಟರಲ್ಲಿ ಎದೆಯುರಿ ಹತ್ತಿಸಿಕೊಳ್ಳುತ್ತಿದ್ದೆ. ಆಮೇಲೆ ಪರ್ಸಿನಲ್ಲಿ ಸಣ್ಣ ಡಬ್ಬಿ ಇಟ್ಟುಕೊಳ್ಳತೊಡಗಿದೆ. ಒಂದು ಮುಷ್ಟಿ ಹುರಿದ ಶೇಂಗಾ, ಸಂಬಳದ ವಾರದಲ್ಲಿ ಅದರ ಜೊತೆ ನಾಲ್ಕು ಬಾದಾಮಿ. ಅಷ್ಟು ಅಗಿದು ನೀರು ಕುಡಿದರೆ ಮನೆ ಮುಟ್ಟುವವರೆಗೆ ಹಸಿವು ಸುಳಿಯುವುದಿಲ್ಲ. ಅದರಲ್ಲಿರುವ ಕೊಬ್ಬು ಹೃದಯಕ್ಕೆ ಒಳ್ಳೆಯದು, ನಾರಿದೆ, ಪ್ರೋಟೀನ್ ಇದೆ, ಬಿಸ್ಕತ್ತಿನ ಹಾಗೆ ಸಕ್ಕರೆಯನ್ನು ಒಮ್ಮೆಲೇ ಏರಿಸುವುದಿಲ್ಲ. ಉಪ್ಪು ಹಾಕಬಾರದು, ಕರಿಯಬಾರದು, ಮುಷ್ಟಿ ಮೀರಬಾರದು, ಇಷ್ಟೇ ನಿಯಮ. ಬಾದಾಮಿ ಗೋಡಂಬಿಗಳ ಮೇಲೆ ನನಗೇನೂ ಹಗೆಯಿಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ.

ಆದರೆ ಕಿಡ್ನಿ ಕೆಟ್ಟವರ ಲೆಕ್ಕವೇ ಬೇರೆ. ಬೀಜಗಳಲ್ಲಿ, ಒಣಹಣ್ಣುಗಳಲ್ಲಿ, ಎಳನೀರಿನಲ್ಲಿ ಪೊಟ್ಯಾಶಿಯಂ ಎಂಬ ಲವಣ ಬಹಳ ಇರುತ್ತದೆ. ನಮ್ಮ ನಿಮ್ಮ ದೇಹ ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಡಯಾಲಿಸಿಸ್ ಮೇಲೆ ಬದುಕುವವರಲ್ಲಿ ಅದು ರಕ್ತದಲ್ಲೇ ಕೂತು, ಮಿತಿ ದಾಟಿದ ದಿನ ಹೃದಯವನ್ನು ನಿಲ್ಲಿಸಿಬಿಡುತ್ತದೆ. ನೋವಿಲ್ಲ, ಜ್ವರವಿಲ್ಲ, ಮುನ್ಸೂಚನೆಯೂ ಹೆಚ್ಚಿಲ್ಲ. ಟಿವಿಯಲ್ಲಿ, ಫೋನಿಗೆ ಬರುವ ಮೆಸೇಜುಗಳಲ್ಲಿ "ದಿನಾ ಒಂದು ಮುಷ್ಟಿ ತಿನ್ನಿ, ನೂರು ಕಾಯಿಲೆ ದೂರ" ಎಂದು ಉಪದೇಶ ಮಾಡುವವರು ಈ ಒಂದು ಸಾಲನ್ನು ಮಾತ್ರ ಎಂದೂ ಹೇಳುವುದಿಲ್ಲ. ಅವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಹೇಳುತ್ತಿರುವ ಪೇಷಂಟ್ ಡೊಂಬಿವಲಿಯ ಒಂದು ಹೋಟೆಲಿನ ಮ್ಯಾನೇಜರ್. ಉಡುಪಿ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹೆಂಡತಿಯ ಜೊತೆ ಬಂದು, ತೂಕದ ಯಂತ್ರದ ಮೇಲೆ ಚಪ್ಪಲಿ ಬಿಚ್ಚಿ ನಿಂತು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಎಡಗೈ ಚಾಚಿ ಕೂರುತ್ತಿದ್ದರು. ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಅತ್ತಿಗೆಗೆ ಹಾಗೆನ್ನುತ್ತಾರೆ, ಮರಾಠಿಯವರೂ ಹಾಗೇ ಎನ್ನುತ್ತಾರೆ, ಹಾಗಾಗಿ ಅಲ್ಲಿ ಯಾರಿಗೂ ಅದು ಹೊಸದೆನಿಸಲಿಲ್ಲ.

ವೈನಿ ತನ್ನ ಒಂದು ಕಿಡ್ನಿಯನ್ನು ಗಂಡನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಯಾರೂ ಕೇಳುವ ಮೊದಲೇ ಆಕೆ ಹೇಳಿದ್ದಳು. ಮ್ಯಾನೇಜರಿಗೆ ಒಬ್ಬ ಅಕ್ಕ ಇದ್ದರು, ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸ್‌ನಲ್ಲಿ ಮನೆ. ರಕ್ತದ ಗುಂಪು ಅವರದೂ ಹೊಂದುತ್ತಿತ್ತು. ಆದರೆ ಅವರ ಮನೆಯಲ್ಲಿ ಬೇಡವೆಂದರು. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ, ಅದಕ್ಕೆ ಸಿಟ್ಟಾಗುವುದು ನನ್ನ ಕೆಲಸವಲ್ಲ. ಎಷ್ಟು ಸಲ ಹೀಗೆ ನನಗೆ ನಾನೇ ಬುದ್ಧಿ ಹೇಳಿಕೊಂಡರೂ ಸಿಟ್ಟೇನೂ ಬಾರದೆ ಇರಲಿಲ್ಲ.

ಆಪರೇಶನ್ ಮಾಡುವ ಆಸ್ಪತ್ರೆಯವರು ಒಂದು ಷರತ್ತು ಹಾಕಿದ್ದರು. ವೈನಿಯ ತೂಕ ಹೆಚ್ಚಿತ್ತು, ರಕ್ತದಲ್ಲಿ ಕೊಬ್ಬೂ ಗಡಿಯ ಮೇಲಿತ್ತು. ಎರಡೂ ಇಳಿದರೆ ಮಾತ್ರ ಆಕೆಯ ಕಿಡ್ನಿ ತೆಗೆಯುತ್ತೇವೆ, ಕೊಡುವವಳನ್ನು ಕೆಡಿಸಿ ತೆಗೆದುಕೊಳ್ಳುವವನನ್ನು ಉಳಿಸುವುದಿಲ್ಲ ಎಂದಿದ್ದರು. ಸರಿಯಾದ ಮಾತು. ತೂಕಕ್ಕೆ ಕಾರಣ ಹುಡುಕುವುದೂ ಕಷ್ಟವಾಗಲಿಲ್ಲ. ದಿನಾ ಸಂಜೆ ಹೋಟೆಲಿನಿಂದ ಕರಿದ ತಿಂಡಿಯ ಪಾರ್ಸೆಲ್ ಬರುತ್ತಿತ್ತು: ಗೋಳಿಬಜೆ, ಅಂಬೊಡೆ, ಬನ್ಸ್. ಗಂಡ ತಿನ್ನುವಂತಿಲ್ಲ, ಮಗಳು ಕಾಲೇಜಿನಿಂದ ಬರುವುದು ತಡ. ಎಲ್ಲ ವೈನಿಯ ಹೊಟ್ಟೆಗೆ.

ನಮ್ಮ ಕೇಂದ್ರದ ಡಯಟಿಷಿಯನ್ ಮರಾಠಿ ಹುಡುಗಿ. ಕನ್ನಡದಲ್ಲಿ ಬಿಡಿಸಿ ಹೇಳಿ ಎಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ವೈನಿ, ಆ ಬಜೆ ಇವತ್ತಿಗೆ ಬಂದ್. ಸಂಜಿ ಚಾದ ಜೋಡಿ ಒಂದು ಮುಷ್ಟಿ ಬಾದಾಮಿ, ಶೇಂಗಾ, ಅಕ್ರೋಟ್ ಕೂಡಿಸಿ ತಿನ್ರಿ. ಉಪ್ಪು ಬ್ಯಾಡ. ಅಗಿದು ಅಗಿದು ತಿನ್ರಿ. ಹೊಟ್ಟಿ ತುಂಬತೈತಿ, ತೂಕಾನೂ ಇಳೀತೈತಿ."

"ನೆಲಕಡ್ಲೆ ಸರಿ ಸಿಸ್ಟರ್," ಎಂದು ವೈನಿ ನಕ್ಕಳು. "ಬಾದಾಮಿ ನಾನು ತಿನ್ನುದಾ? ಅದು ಹೆರಿಗೆಯಾದವ್ರಿಗೆ, ಪರೀಕ್ಷೆಗೆ ಕೂರುವ ಮಕ್ಳಿಗೆ ಕೊಡುದಲ್ವಾ?"

"ನಿಮಗೂ ಈಗ ಪರೀಕ್ಷಾನ ಐತಿ. ನೀವ ತಿನ್ನಬೇಕು. ಸಾಹೇಬರಿಗೆ ಒಂದ ಕಾಳೂ ಇಲ್ಲ, ಗೊತ್ತಲ್ಲ?"

"ಗೊತ್ತುಂಟು, ಗೊತ್ತುಂಟು."

ಮ್ಯಾನೇಜರ್ ಕೂಡ ಕುರ್ಚಿಯಿಂದಲೇ ತಲೆಯಾಡಿಸಿದರು. ಬಾಳೆಹಣ್ಣು, ಎಳನೀರು, ಗೇರುಬೀಜ, ಒಣದ್ರಾಕ್ಷಿ ಯಾವುದೂ ಮುಟ್ಟಬಾರದು ಎಂಬುದನ್ನು ಅವರು ಮಗ್ಗಿಯಂತೆ ಹೇಳಬಲ್ಲವರಾಗಿದ್ದರು.

ಮುಂದಿನ ವಾರಗಳಲ್ಲಿ ನಡೆದದ್ದು ನನ್ನ ಸರ್ವಿಸ್‌ನಲ್ಲೇ ತಲೆಬುಡ ತಿಳಿಯದ ಸಂಗತಿ. ಮ್ಯಾನೇಜರ ಪೊಟ್ಯಾಶಿಯಂ ಏರತೊಡಗಿತು. ಶುಕ್ರವಾರದಿಂದ ಸೋಮವಾರಕ್ಕೆ ನಡುವೆ ಅಂತರ ಹೆಚ್ಚು, ಹಾಗಾಗಿ ಸೋಮವಾರದ ರಿಪೋರ್ಟಿನಲ್ಲಿ ಸ್ವಲ್ಪ ಏರಿಕೆ ಎಲ್ಲರಿಗೂ ಇರುತ್ತದೆ. ಇವರದು ಮಾತ್ರ ಪ್ರತಿ ಸೋಮವಾರ ಹಿಂದಿನ ಸೋಮವಾರಕ್ಕಿಂತ ಮೇಲೆ.

ಮೊದಲು ನಾವು ರಕ್ತ ತೆಗೆದ ರೀತಿಯನ್ನೇ ಅನುಮಾನಿಸಿದೆವು. ಸಿರಿಂಜನ್ನು ಜೋರಾಗಿ ಎಳೆದರೆ ರಕ್ತಕಣಗಳು ಒಡೆದು ಪೊಟ್ಯಾಶಿಯಂ ಸುಳ್ಳಾಗಿ ಹೆಚ್ಚು ಕಾಣುತ್ತದೆ. ಇನ್ನೊಮ್ಮೆ ನಿಧಾನವಾಗಿ ತೆಗೆದು ಕಳಿಸಿದೆ. ಅದೇ ಅಂಕಿ. ಆಮೇಲೆ ಕೈಯ ಫಿಸ್ಟುಲಾ, ಎಂದರೆ ಸೂಜಿ ಚುಚ್ಚಲು ಶಸ್ತ್ರಚಿಕಿತ್ಸೆಯಿಂದ ಹಿಗ್ಗಿಸಿದ ರಕ್ತನಾಳ. ಅದರಲ್ಲಿ ಎರಡು ಸೂಜಿ ತೀರ ಹತ್ತಿರ ಕೂತರೆ, ಶುದ್ಧವಾದ ರಕ್ತವೇ ತಿರುಗಿ ಮಷೀನಿಗೆ ಹೋಗಿ, ಡಯಾಲಿಸಿಸ್ ಆದಂತೆ ಕಂಡರೂ ಆಗಿರುವುದಿಲ್ಲ. ಸೂಜಿಗಳನ್ನು ದೂರ ದೂರ ಹಾಕಿದೆ. ಕಿವಿಗೆ ಸ್ಟೆತಸ್ಕೋಪ್ ಹಚ್ಚಿ ನಾಳದ ಸದ್ದು ಕೇಳಿದೆ. ಚೆನ್ನಾಗಿಯೇ ಹರಿಯುತ್ತಿತ್ತು. ನಮ್ಮ ಟೆಕ್ನಿಷಿಯನ್ ಮಾತು ಕಡಿಮೆ ಕೆಲಸ ಹೆಚ್ಚಿನ ಮನುಷ್ಯ. ಫಿಲ್ಟರ್ ಬದಲಿಸಿದ, ನೀರು ಶುದ್ಧ ಮಾಡುವ ಪ್ಲಾಂಟನ್ನು ತೊಳೆದ, ದ್ರಾವಣದ ಕ್ಯಾನುಗಳ ಲೇಬಲ್ಲನ್ನು ಒಂದೊಂದಾಗಿ ಓದಿದ. ಎಲ್ಲ ಸರಿ ಇತ್ತು. ಅದೇ ಮಷೀನಿನಲ್ಲಿ ಮಧ್ಯಾಹ್ನ ಕೂರುವ ಪೇಷಂಟಿನ ರಿಪೋರ್ಟ್ ಗಾಜಿನ ಹಾಗೆ ಸ್ವಚ್ಛ.

ಪ್ರತಿ ಸಲವೂ ನಾನು ಕೇಳುತ್ತಿದ್ದೆ, "ಏನ್ ತಿಂದೀರಿ ಖರೇ ಹೇಳ್ರಿ."

"ದೇವರಾಣೆ ಸಿಸ್ಟರ್, ಎಂತದೂ ತಿನ್ಲಿಲ್ಲ. ಗಂಜಿ, ತಿಳಿಸಾರು, ತರಕಾರಿ ಬೇಯಿಸಿ ನೀರು ಚೆಲ್ಲಿಯೇ. ಇವಳನ್ನೇ ಕೇಳಿ ಬೇಕಾದ್ರೆ."

ವೈನಿ ಹೌದೆಂದು ತಲೆಯಾಡಿಸುತ್ತಿದ್ದಳು. ಈ ಕಡೆ ಆಕೆಯ ತೂಕವೂ ಒಂದು ಚೂರು ಇಳಿದಿರಲಿಲ್ಲ. ಇನ್ನೂ ಸ್ವಲ್ಪ ಏರಿತ್ತು ಎಂದರೂ ತಪ್ಪಲ್ಲ. ಡಯಟಿಷಿಯನ್ ಕೇಳಿದರೆ ಅದೇ ಉತ್ತರ: ಬಾದಾಮಿ ತರಿಸಿದ್ದೇವೆ, ದಿನಾ ಖಾಲಿಯಾಗುತ್ತಿದೆ. ಆ ಹುಡುಗಿ ತಲೆಕೆಡಿಸಿಕೊಂಡು ಥೈರಾಯ್ಡ್ ಟೆಸ್ಟ್ ಮಾಡಿಸಿದಳು. ಅದರಲ್ಲೂ ಏನಿಲ್ಲ.

ಕೊನೆಗೆ ನಮ್ಮ ಡಾಕ್ಟರು ರೌಂಡ್ಸಿಗೆ ಬಂದವರು ರಿಪೋರ್ಟ್ ನೋಡಿ, ಎಲ್ಲ ಪೇಷಂಟುಗಳ ಎದುರಿಗೆ ಹಿಂದಿಯಲ್ಲಿ ಹೇಳಿದರು, "ಪೇಷಂಟ್ ಕುಛ್ ನಹೀ ಖಾತಾ ತೋ ಪ್ರಾಬ್ಲೆಮ್ ಆಪ್‌ಕೇ ಡಯಾಲಿಸಿಸ್ ಮೇ ಹೈ, ಸಿಸ್ಟರ್." ಪೇಷಂಟ್ ಏನೂ ತಿನ್ನುವುದಿಲ್ಲವೆಂದರೆ ತಪ್ಪು ನಿಮ್ಮ ಕೆಲಸದಲ್ಲೇ ಇದೆ ಎಂದು ಮುಖಕ್ಕೆ ಹೊಡೆದ ಹಾಗೆ. ಟೆಕ್ನಿಷಿಯನ್ ತಲೆ ತಗ್ಗಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರು ಹೇಳಿದ ತರ್ಕದಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನೂ ಉರಿಯಿತು. ತಿಂದಿಲ್ಲ ಎನ್ನುವವರನ್ನು ನಂಬಿದರೆ ಕಳ್ಳರು ನಾವೇ ಆಗಬೇಕಿತ್ತು.

ದೀಪಾವಳಿ ಕಳೆದ ಸೋಮವಾರ ಮ್ಯಾನೇಜರ್ ಠಾಣೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಕೂತುಬಿಟ್ಟರು. ಕಾಲಲ್ಲಿ ಬಲವೇ ಇಲ್ಲ, ಎತ್ತಿದರೆ ಏಳುವುದಿಲ್ಲ. ವೈನಿ ಯಾರನ್ನೋ ಕೂಗಿ ರಿಕ್ಷಾಕ್ಕೆ ಹಾಕಿಸಿಕೊಂಡು ಬಂದಳು. ಕೇಂದ್ರದ ಬಾಗಿಲಲ್ಲಿ ಅವರ ನಾಡಿ ಹಿಡಿದೆ. ತೀರ ನಿಧಾನ. ತೂಕ ಗೀಕ ಎಲ್ಲ ಬಿಟ್ಟು ಮೊದಲು ಇಸಿಜಿ ಹಚ್ಚಿದೆ. ಕಾಗದದ ಮೇಲೆ ಅಲೆಗಳು ಚೂಪಾಗಿ ಡೇರೆಯ ಹಾಗೆ ಎದ್ದು ನಿಂತಿದ್ದವು. ಅದರ ಅರ್ಥ ಪೊಟ್ಯಾಶಿಯಂ ಹೃದಯವನ್ನು ಹಿಡಿದಿದೆ ಎಂದು. ಡಾಕ್ಟರು ಫೋನಿನಲ್ಲಿ ಹೇಳುತ್ತಿದ್ದ ಹಾಗೆ ಕ್ಯಾಲ್ಶಿಯಂ ಇಂಜೆಕ್ಷನ್ನನ್ನು ಮಾನಿಟರ್ ಮೇಲೆ ಕಣ್ಣಿಟ್ಟು ನಿಧಾನವಾಗಿ ಏರಿಸಿದೆ. ಅದು ಪೊಟ್ಯಾಶಿಯಂ ಇಳಿಸುವುದಿಲ್ಲ, ಹೃದಯಕ್ಕೆ ಒಂದಿಷ್ಟು ಹೊತ್ತು ರಕ್ಷಣೆ ಕೊಡುತ್ತದೆ, ಅಷ್ಟೆ. ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್. ಅಷ್ಟರಲ್ಲಿ ಟೆಕ್ನಿಷಿಯನ್ ಮಷೀನನ್ನು ಸಿದ್ಧ ಮಾಡಿದ್ದ. ಸೂಜಿ ಹಾಕಿ ಮಷೀನು ಶುರು ಮಾಡಿದೆವು. ಅರ್ಧ ಪಾಳಿ ಕಳೆಯುವ ಹೊತ್ತಿಗೆ ಮಾನಿಟರಿನ ಅಲೆಗಳು ಮೆತ್ತಗಾದವು. ಮ್ಯಾನೇಜರ್ ಕಣ್ಣು ತೆರೆದು, "ಚಾ ಸಿಗ್ತದಾ ಸಿಸ್ಟರ್?" ಎಂದರು. ಬೈಯ್ಯಬೇಕೆನಿಸಿತು, ಬೈದೆ ಕೂಡ.

ಮರುದಿನ ಆಪರೇಶನ್ ಆಸ್ಪತ್ರೆಯಿಂದ ಫೋನ್ ಬಂತು. ನಿಗದಿಯಾಗಿದ್ದ ದಿನ ರದ್ದು. ಗಂಡನ ಪೊಟ್ಯಾಶಿಯಂ ಹತೋಟಿಯಲ್ಲಿಲ್ಲ, ಹೆಂಡತಿಯ ತೂಕ ಇಳಿದಿಲ್ಲ. ಎರಡೂ ಸರಿಯಾದ ಮೇಲೆ ಬನ್ನಿ, ಇಲ್ಲದಿದ್ದರೆ ಈಕೆಯನ್ನು ದಾನಿಯಾಗಿ ಒಪ್ಪುವುದಿಲ್ಲ ಎಂದರು. ಈಕೆ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಆ ವಾರ ಕೆಲಸ ಮುಗಿಸಿ ಮನೆಗೆ ಹೋಗುವಾಗ ಒಂದು ಸಂಜೆ ಟ್ರೇನು ಡೊಂಬಿವಲಿಗೆ ಬಂತು. ನಾನು ಇಳಿದುಬಿಟ್ಟೆ. ಸ್ಟಾಫಿನವರು ಪೇಷಂಟುಗಳ ಮನೆಗೆ ಹೋಗಬಾರದು ಎನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಅದು ಗೊತ್ತಿದ್ದೂ ಇಳಿದೆ. ನನಗೆ ಆ ಮನೆಯ ಅಡುಗೆಮನೆ ನೋಡಬೇಕಿತ್ತು. ಬಾಯಲ್ಲಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿತ್ತು.

ಬಾಗಿಲು ತೆರೆದದ್ದು ವೈನಿ. "ಅಯ್ಯೋ, ಸಿಸ್ಟರ್! ಬನ್ನಿ ಬನ್ನಿ, ಸರಿಯಾಗಿ ಚಾಯದ ಹೊತ್ತಿಗೇ ಬಂದ್ರಿ." ಒಳಗೆ ಮ್ಯಾನೇಜರ್ ಸೋಫಾದಲ್ಲಿ, ಪಕ್ಕದ ಕುರ್ಚಿಯಲ್ಲಿ ಘೋಡಬಂದರ್ ಅಕ್ಕ. ಟೀಪಾಯಿಯ ಮೇಲೆ ಎರಡು ತಟ್ಟೆ. ಒಂದರಲ್ಲಿ ಗೋಳಿಬಜೆ, ಇನ್ನೊಂದರಲ್ಲಿ ಒಂದು ಮುಷ್ಟಿ ಬಾದಾಮಿ, ಅಕ್ರೋಟ್, ನೆಲಗಡಲೆ. ನಾವು ಹೇಳಿದಷ್ಟೇ ಅಳತೆ, ಉಪ್ಪಿಲ್ಲ, ಕರಿದದ್ದಲ್ಲ. ಆ ತಟ್ಟೆ ಇದ್ದದ್ದು ಮ್ಯಾನೇಜರ ಮುಂದೆ. ಬಜೆಯ ತಟ್ಟೆ ವೈನಿ ಕೂತೆದ್ದ ಮಣೆಯ ಹತ್ತಿರ.

ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಇಷ್ಟು ದಿನ ಮಷೀನು ತೊಳೆದದ್ದು, ಸೂಜಿ ಸರಿಸಿದ್ದು, ಟೆಕ್ನಿಷಿಯನ್ ತಲೆ ತಗ್ಗಿಸಿದ್ದು ಎಲ್ಲ ನೆನಪಾಗಿ ಸಿಟ್ಟು ನೆತ್ತಿಗೇರಿತು.

"ವೈನಿ, ಇದು ಯಾರ ತಟ್ಟಿ?"

"ನಂದೇ ಸಿಸ್ಟರ್. ನೀವು ಹೇಳಿದ್ದೇ." ಆಕೆಗೆ ನನ್ನ ಧ್ವನಿ ಅರ್ಥವಾಗಲಿಲ್ಲ.

"ನಿಮ್ಮದಾದ್ರ ಅವರ ಮುಂದ ಯಾಕೈತಿ?"

ವೈನಿ ಗಂಡನ ಮುಖ ನೋಡಿದಳು. ಆಮೇಲೆ ಬಹಳ ಸಹಜವಾಗಿ ಹೇಳಿದಳು, "ಅವ್ರಿಗೆ ಕೊಡದೆ ನಾನು ಹೇಗೆ ತಿನ್ನುದು? ಬಾದಾಮಿ ತಿಂದು ಕೂತ್ಕೊಳ್ಳುವ ಹೆಂಗಸಾ ನಾನು, ಅವ್ರು ಎದುರಿಗೆ ಗಂಜಿ ಕುಡಿಯುವಾಗ? ಅವ್ರಿಗೆ ಸ್ವಲ್ಪ ಶಕ್ತಿ ಬರ್ಲಿ ಅಂತ. ಬಜೆ ಹೋಟೆಲಿಂದ ಬರ್ತದೆ, ಬಿಸಾಡ್ಲಿಕ್ಕೆ ಆಗ್ತದಾ? ಅದು ನಾನು ತಿಂತೇನೆ."

ಎರಡು ಗಂಟು ಒಟ್ಟಿಗೆ ಬಿಚ್ಚಿದವು. ಆಕೆಯ ತೂಕ ಯಾಕೆ ಇಳಿಯಲಿಲ್ಲ, ಇವರ ರಕ್ತ ಯಾಕೆ ಏರಿತು, ಎರಡಕ್ಕೂ ಆ ಟೀಪಾಯಿಯೇ ಉತ್ತರ. ನಾವು ಆಕೆಗೆಂದು ಅಳೆದು ಕೊಟ್ಟ ಆರೋಗ್ಯವನ್ನು ಆಕೆ ಗಂಡನಿಗೆ ಬಡಿಸಿ, ಅವನಿಗೆ ಬೇಡವಾದದ್ದನ್ನು ತಾನು ತಿನ್ನುತ್ತಿದ್ದಳು. ನಮ್ಮ ಮನೆಗಳಲ್ಲಿ ಹೆಂಗಸರು ತಿನ್ನುವುದೇ ಹಾಗೆ. ಒಳ್ಳೆಯದು ಮೊದಲು ಗಂಡಸಿಗೆ, ಉಳಿದದ್ದು ತನಗೆ. ನನ್ನ ಅವ್ವನೂ ಹಾಗೇ ತಿಂದಳು, ಅವಳ ಅವ್ವನೂ. ಈ ಅಭ್ಯಾಸಕ್ಕೆ ತ್ಯಾಗ ಗೀಗ ಎಂದು ಚಂದದ ಹೆಸರಿಟ್ಟು ಹಾಡಿ ಹೊಗಳುವವರನ್ನು ಆ ಕ್ಷಣ ನನ್ನ ಮುಂದೆ ತಂದು ನಿಲ್ಲಿಸಿದ್ದರೆ ಏನು ಮಾಡುತ್ತಿದ್ದೆನೋ.

"ಮತ್ತ ನೀವು?" ಮ್ಯಾನೇಜರ ಕಡೆ ತಿರುಗಿದೆ. "ದೇವರಾಣೆ ಅಂತಿದ್ರಲ್ಲ?"

ಅವರು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು. "ಬೇಡ ಹೇಳಿದ್ರೆ ಅವಳೂ ತಿನ್ನುದಿಲ್ಲ ಸಿಸ್ಟರ್. ನಾನು ನಾಲ್ಕು ತಿಂದ್ರೆ ಅವಳೊಂದು ಬಾಯಿಗೆ ಹಾಕ್ತಾಳೆ. ಅವಳಿಗೆ ಹೋಗ್ಲಿ ಅಂತಲೇ ನಾನು ತಿಂದದ್ದು. ಆಸ್ಪತ್ರೆಯಲ್ಲಿ ಹೇಳಿದ್ರೆ ನೀವು ಅವಳನ್ನು ಬೈತೀರಿ."

ಅಕ್ಕ ಈಗ ಬಾಯಿ ತೆರೆದರು. "ನೀವು ಇಷ್ಟೆಲ್ಲ ಜೋರು ಮಾಡುದು ಎಂತಕ್ಕೆ? ವಿಷ ಕೊಟ್ಟಿದ್ದಾಳಾ? ಹಾರ್ಟಿಗೆ ಒಳ್ಳೇದು ಅಂತ ಎಲ್ಲಾ ಕಡೆ ಹೇಳ್ತಾರೆ. ನಮ್ಮ ಕಾಂಪ್ಲೆಕ್ಸ್‌ನಲ್ಲಿ ಲೆಕ್ಚರ್ ಸಹ ಇತ್ತು. ನಾನೇ ಅವನಿಗೆ ಬಾದಾಮಿ ಪುಡಿ ಮಾಡಿ ಕೊಟ್ಟಿದ್ದೇನೆ, ಬೆಳಿಗ್ಗೆ ಹಾಲಿಗೆ ಹಾಕ್ಲಿಕ್ಕೆ. ಅಂಜೂರ, ದ್ರಾಕ್ಷಿ ನೆನೆಸಿ ತಿನ್ಲಿಕ್ಕೆ ಹೇಳಿದ್ದೂ ನಾನೇ."

ಆಗ ಕಪಾಟಿನ ಮೇಲೆ ಕಣ್ಣು ಹೋಯಿತು. ದೀಪಾವಳಿಯ ಡಬ್ಬಿಗಳು ಒಂದರ ಮೇಲೊಂದು. ಸೇತುವೆಯ ಮೆಟ್ಟಿಲಲ್ಲಿ ಕಾಲು ಯಾಕೆ ಸೋತಿತು ಎಂದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಒಳ್ಳೇದು ರೀ," ಎಂದೆ. ಧ್ವನಿ ಪಕ್ಕದ ಫ್ಲಾಟಿಗೆ ಕೇಳಿರಬೇಕು. "ನಿಮಗ ಒಳ್ಳೇದು, ನನಗ ಒಳ್ಳೇದು, ಈ ವೈನಿಗೆ ಎಲ್ಲಾರಕಿಂತ ಒಳ್ಳೇದು. ಇವರಿಗೆ ಮಾತ್ರ ವಿಷಾನ. ಸೋಮವಾರ ಇವರ ಎದಿ ನಿಲ್ಲೂದಿತ್ತು, ಗೊತ್ತೈತೇನ್ರೀ? ನಿಮ್ಮ ಪುಡೀನ ನಾನು ಮಷೀನು ಹಚ್ಚಿ ಹೊರಗ ತಗದೀನಿ."

"ನೀವು ಸಿಸ್ಟರ್ ಅಷ್ಟೇ, ಡಾಕ್ಟರ್ ಅಲ್ಲ."

"ಹೌದ್ರೀ, ಸಿಸ್ಟರ್ ಅಷ್ಟ. ಅದಕ್ಕ ಸೂಜಿ ನನ್ನ ಕೈಯಾಗಿರ್ತೈತಿ."

ಅಕ್ಕನ ಮುಖ ಕೆಂಪಾಯಿತು. ಇನ್ನೇನೋ ಹೇಳುತ್ತಾರೆ ಎಂದುಕೊಂಡರೆ ಅವರ ಧ್ವನಿ ಇದ್ದಕ್ಕಿದ್ದಂತೆ ಬಿರಿಯಿತು. "ತಮ್ಮನಿಗೆ ನಾನು ಬೇರೆ ಎಂತ ಕೊಡ್ಲಿಕ್ಕಾಗ್ತದೆ, ಹೇಳಿ? ಇದಾದ್ರೂ ಕೊಡುವ ಅಂತ ತಂದದ್ದು."

ನನ್ನ ನಾಲಿಗೆಯ ತುದಿಗೆ ಅವರು ಕೊಡದ ಕಿಡ್ನಿಯ ಮಾತು ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡೆ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಅದು, ಹೇಳಿದ್ದರೆ ಸುಖವಾಗುತ್ತಿದ್ದದ್ದು ನನಗೊಬ್ಬಳಿಗೆ. ಮಾತಾಡಿದ್ದು ವೈನಿ. ಸೆರಗಿನಲ್ಲಿ ಮುಖ ಒರೆಸಿಕೊಂಡು, ನಿಜವಾಗಿ ತಿಳಿಯದೆ ಕೇಳುವವಳ ಹಾಗೆ ಕೇಳಿದಳು, "ಸಿಸ್ಟರ್, ಕಿಡ್ನಿಯೇ ಕೊಡ್ತೇನಲ್ಲ ಅವ್ರಿಗೆ. ಅದು ಕೊಡಬಹುದು, ಒಂದು ಮುಷ್ಟಿ ಬಾದಾಮಿ ಕೊಟ್ರೆ ತಪ್ಪಾ?"

ಮಣೆಯ ಮೇಲೆ ಕೂತೆ. ಕೊಡಬೇಡ ಎಂದು ಆಕೆಗೆ ಹೇಳಿ ಪ್ರಯೋಜನವಿಲ್ಲ ಎಂದು ಆಗ ಅರ್ಥವಾಯಿತು. ಅದನ್ನು ನಾವೆಲ್ಲ ಹೇಳಿಯಾಗಿತ್ತು, ಆಕೆ ತಲೆಯಾಡಿಸಿಯಾಗಿತ್ತು. ಕೊಡುವುದೊಂದು ಬಿಟ್ಟು ಬೇರೆ ಗೊತ್ತಿಲ್ಲದವಳಿಂದ ಕೊಡುವುದನ್ನು ಕಿತ್ತುಕೊಂಡರೆ, ಆಕೆ ಕದ್ದಾದರೂ ಕೊಡುತ್ತಾಳೆ. ಹಾಗಾಗಿ ಕೆಲಸವನ್ನು ಗಂಡನಿಗೆ ಹಚ್ಚಬೇಕಾಯಿತು.

"ಸಾಹೇಬ್ರ, ಹೋಟೆಲಿನಾಗ ಗಲ್ಲಾದ ಮುಂದ ಕೂತು ಎಲ್ಲಾ ಟೇಬಲ್ ನೋಡ್ತೀರಿಲ್ಲೋ? ಇವತ್ತಿನಿಂದ ಒಂದ ಟೇಬಲ್ ನೋಡ್ರಿ. ವೈನಿ ಆ ಮುಷ್ಟಿ ತಿಂದು ಮುಗಸೂತನಾ ಎದುರಿಗೆ ಕೂಡ್ರಬೇಕು. ನಿಮ್ಮ ಬಾಯಿಗೆ ಒಂದು ಕಾಳು ಬಂದ್ರ ಆಕಿ ಮುಷ್ಟಿ ಕಡಿಮಿ ಆತು. ಆಕಿ ಮುಷ್ಟಿ ಕಡಿಮಿ ಆದ್ರ ಆಕಿ ತೂಕ ಇಳಿಯೂದಿಲ್ಲ. ತೂಕ ಇಳೀಲಿಲ್ಲಂದ್ರ ಆಕಿ ಕೊಡಬೇಕಂದದ್ದು ಕೊಡಾಕ ಆಗೂದಿಲ್ಲ. ನೀವು ತಿನ್ನೂದು ಬಾದಾಮಿ ಅಲ್ಲ, ಆಕಿ ಕೊಡೂ ಕಿಡ್ನಿ."

ಮ್ಯಾನೇಜರ್ ಬಾದಾಮಿಯ ತಟ್ಟೆಯನ್ನು ವೈನಿಯ ಮುಂದೆ ಇಟ್ಟರು. ಆಮೇಲೆ ಹೋಟೆಲಿಗೆ ಫೋನ್ ಮಾಡಿ, ನಾಳೆಯಿಂದ ಪಾರ್ಸೆಲ್ ಕಳಿಸಬೇಡಿ ಎಂದರು. ಡಬ್ಬಿಗಳನ್ನೆಲ್ಲ ಅಕ್ಕ ವಾಪಸು ತೆಗೆದುಕೊಂಡು ಹೋಗಬೇಕೆಂದು ನಾನು ಹಟ ಹಿಡಿದೆ. ಅವರು ಒಯ್ಯಲಿಲ್ಲ. ಕೊನೆಗೆ ನಾನೇ ಎರಡು ಚೀಲದಲ್ಲಿ ತುಂಬಿಕೊಂಡು ಲೋಕಲ್ ಹತ್ತಿದೆ, ಮರುದಿನ ನಮ್ಮ ಕೇಂದ್ರದ ಸ್ಟಾಫ್ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅಕ್ಕ ದೂರು ಕೊಟ್ಟರು. ಸಿಸ್ಟರ್ ಕರೆಯದೆ ಮನೆಗೆ ನುಗ್ಗಿದರು, ಕೂಗಾಡಿದರು, ಸಾಮಾನು ಒಯ್ದರು. ಮೂರೂ ನಿಜ. ಆಫೀಸಿನಲ್ಲಿ ನಿಲ್ಲಿಸಿ ಕೇಳಿದಾಗ ಹೌದೆಂದೆ. ಡಾಕ್ಟರು ಪಕ್ಕದಲ್ಲೇ ಇದ್ದರು. ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಅಗಲೀ ಬಾರ್ ಮುಝೇ ಬತಾಕೇ ಜಾನಾ" ಎಂದರು, ಮುಂದಿನ ಸಲ ನನಗೆ ಹೇಳಿ ಹೋಗು ಎಂದು. ಟೆಕ್ನಿಷಿಯನ್ ತಲೆ ತಗ್ಗಿಸುವ ಹಾಗೆ ಎಲ್ಲರೆದುರು ಅಂದದ್ದಕ್ಕೆ ಅವನ ಹತ್ತಿರ ಒಂದು ಮಾತಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಅದೊಂದು ಸಿಟ್ಟು ಹಾಗೇ ಉಳಿಯಿತು.

ಡಯಾಲಿಸಿಸ್ ದಿನಗಳಲ್ಲಿ ಆ ಮುಷ್ಟಿಯನ್ನು ವೈನಿ ನಮ್ಮ ಕಣ್ಣೆದುರಿಗೇ ತಿನ್ನಬೇಕೆಂದು ನಿಯಮ ಮಾಡಿದೆ. ಕಪಾಟಿನಿಂದ ತೆಗೆದು ನಾನೇ ಆಕೆಯ ಕೈಗೆ ಹಾಕುತ್ತಿದ್ದೆ. ಮೊದಲ ದಿನ ಆಕೆ ಗಂಡನಿಗೆ ಬೆನ್ನು ಹಾಕಿ, ಕಳ್ಳತನ ಮಾಡುವವಳ ಹಾಗೆ ಗೋಡೆ ನೋಡುತ್ತ ಅಗಿದಳು. ಕಣ್ಣಲ್ಲಿ ನೀರಿತ್ತು. "ಈ ಕಡೆ ತಿರ್ಗು ಮಾರಾಯ್ತಿ, ನಾನು ಸಿಸ್ಟರಿಗೆ ರಿಪೋರ್ಟ್ ಕೊಡ್ಬೇಕು," ಎಂದು ಮ್ಯಾನೇಜರ್ ಚೇ‌ಷ್ಟೆ ಮಾಡಿದರೂ ತಿರುಗಲಿಲ್ಲ. ಎಷ್ಟೋ ದಿನಗಳ ಮೇಲೆ ಒಮ್ಮೆ ತಿರುಗಿ ಕೂತಳು. ಕೈ ಮಾತ್ರ ತನ್ನಷ್ಟಕ್ಕೆ ಅರ್ಧವನ್ನು ಬೇರೆ ಮಾಡುತ್ತಿತ್ತು. ಮ್ಯಾನೇಜರ್ ಸೂಜಿಯಿಲ್ಲದ ಕೈಯ ಬೆರಳು ಅಲ್ಲಾಡಿಸಿ ಇಲ್ಲ ಎನ್ನುತ್ತಿದ್ದರು. ಆಕೆ ಮತ್ತೆ ಕೂಡಿಸಿಕೊಂಡು ತಿನ್ನುತ್ತಿದ್ದಳು.

ಸೋಮವಾರದ ರಿಪೋರ್ಟ್ ಮೊದಲು ಏರುವುದನ್ನು ನಿಲ್ಲಿಸಿತು, ಆಮೇಲೆ ಇಳಿಯಿತು. ವೈನಿಯ ತೂಕಕ್ಕೆ ಹೆಚ್ಚು ಸಮಯ ಬೇಕಾಯಿತು. ಬಜೆ ನಿಂತಿತು, ಸಂಜೆ ನಡೆಯತೊಡಗಿದಳು, ಮುಷ್ಟಿ ಬೀಜ ಆಕೆಯ ಹಸಿವನ್ನು ಹಿಡಿದಿಟ್ಟಿತು. ಮಳೆಗಾಲ ಶುರುವಾಗುವ ಮೊದಲು ಆಸ್ಪತ್ರೆಯವರು ಹೊಸ ದಿನ ಕೊಟ್ಟರು.

ಆಪರೇಶನ್ ಚೆನ್ನಾಗಿ ಆಯಿತು. ಮೂರ್ನಾಲ್ಕು ದಿನ ಬಿಟ್ಟು ರಜೆ ಹಾಕಿ ನವಿಮುಂಬಯಿಯ ಆ ಆಸ್ಪತ್ರೆಗೆ ನೋಡಲು ಹೋದೆ. ಮ್ಯಾನೇಜರನ್ನು ಗಾಜಿನ ಕೋಣೆಯಲ್ಲಿ ಇಟ್ಟಿದ್ದರು, ಒಳಗೆ ಯಾರನ್ನೂ ಬಿಡುವಂತಿರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಜಾತ್ರೆಯೇ ನೆರೆದಿತ್ತು: ಹೋಟೆಲಿನವರು, ಊರಿನಿಂದ ಬಂದವರು, ಅಕ್ಕ, ಅಕ್ಕನ ಮನೆಯವರು. ಗಾಜಿಗೆ ಮೂಗು ಹಚ್ಚಿ, "ಮುಖದಲ್ಲಿ ಕಳೆ ಬಂದಿದೆ" ಎನ್ನುತ್ತಿದ್ದರು. ಬೆಂಚಿನ ಮೇಲೆ ರಿಬ್ಬನ್ ಕಟ್ಟಿದ ಡಬ್ಬಿಗಳು. ಬಾದಾಮಿ, ಗೇರುಬೀಜ, ಪಿಸ್ತಾ. ಅವನಿಗೆ ಶಕ್ತಿ ಬರಬೇಕಲ್ಲ!

"ವೈನಿ ಎಲ್ಲಿ?" ಎಂದು ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಕೆಳಗಿನ ಮಹಡಿ ಇರಬೇಕು ಎಂದರು ಯಾರೋ.

ಕೆಳಗಿನ ಮಹಡಿಯ ಜನರಲ್ ವಾರ್ಡಿನಲ್ಲಿ, ಕೊನೆಯ ಹಾಸಿಗೆಯಲ್ಲಿ ಆಕೆ ಒಂದು ಮಗ್ಗುಲಿಗೆ ಒರಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಒಂದು ನೀರಿನ ಬಾಟಲಿ, ಅಷ್ಟೆ. ಮಗಳು ಔಷಧಿ ತರಲು ಹೋಗಿದ್ದಳಂತೆ. ಆಕೆಯನ್ನು ನೋಡಲು ಬೇರೆ ಯಾರೂ ಇನ್ನೂ ಕೆಳಗೆ ಇಳಿದಿರಲಿಲ್ಲ.

ನಾನು ತಿರುಗಿ ಮೇಲೆ ಹೋದೆ. ಜನರ ನಡುವೆ ನುಗ್ಗಿ ಬೆಂಚಿನ ಮೇಲಿದ್ದವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಡಬ್ಬಿ ಎತ್ತಿಕೊಂಡೆ. ಅಕ್ಕ ನನ್ನ ಮುಖ ನೋಡಿದರು. ಬೇಡ ಎನ್ನುತ್ತಾರೇನೋ ಎಂದು ಕಾದೆ, ಜಗಳಕ್ಕೆ ಸಿದ್ಧಳಾಗಿಯೇ ನಿಂತೆ. ಅವರು ಸರಿದು ದಾರಿ ಬಿಟ್ಟರು. ಕೆಳಗೆ ಬಂದೆ. ವಾರ್ಡಿನ ಸಿಸ್ಟರನ್ನು ಕೇಳಿದೆ, ಊಟ ಶುರುವಾಗಿದೆ, ಕೊಡಬಹುದು ಎಂದಳು. ರಿಬ್ಬನ್ ಹರಿದು ಒಂದು ಮುಷ್ಟಿ ತೆಗೆದು ವೈನಿಯ ಅಂಗೈಗೆ ಹಾಕಿದೆ.

ಆಕೆ ನಕ್ಕಳು, ಹೊಲಿಗೆ ಎಳೆದು ಮುಖ ಕಿವುಚಿದಳು. ಆಮೇಲೆ ಹೆಬ್ಬೆರಳು ತನ್ನಷ್ಟಕ್ಕೆ ಚಲಿಸಿ ಅರ್ಧವನ್ನು ಬೇರೆ ಮಾಡಿತು. ಬಾಗಿಲ ಕಡೆ ನೋಡಿ ಕೇಳಿದಳು, "ಅವ್ರಿಗೆ?"

"ಅವ್ರಿಗೆ ಕೊಡೂದು ಕೊಟ್ಟಾಗೇತಿ ವೈನಿ," ಎಂದೆ. "ಇದು ನಿಮ್ಮದು. ತಿನ್ರಿ."

ನಾನು ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ. ಆಕೆ ಒಂದೊಂದಾಗಿ, ನಿಧಾನವಾಗಿ, ಅಷ್ಟನ್ನೂ ತಿಂದು ಮುಗಿಸಿದಳು.